ಅದೇ ಪಾಪ, ಮತ್ತೆ ಮತ್ತೆ: ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ನೋವನ್ನು ಹೇಳಿಕೊಂಡಿವೆ: ಬಿಟ್ಟೆ ಅಂದುಕೊಂಡ ಪಾಪ ಬಿಡುತ್ತಿಲ್ಲ. ಹೆಸರು ಮತ್ತು ಊರಿನ ಗುರುತುಗಳನ್ನು ತೆಗೆದು, ಏಳು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ನನಗೆ 26 ವರ್ಷ, ಪಿ.ಜಿ.ಯಲ್ಲಿದ್ದೇನೆ. ರಾತ್ರಿ ಮೊಬೈಲಿನಲ್ಲಿ ಅಶ್ಲೀಲ ವಿಡಿಯೋ ನೋಡುವ ಚಟ ಹತ್ತಿದೆ. ಪ್ರತಿ ಉಜ್ಜೀವನ ಕೂಟದಲ್ಲೂ ಅತ್ತು, ಇನ್ನು ಮುಟ್ಟುವುದಿಲ್ಲ ಎಂದು ದೇವರ ಮುಂದೆ ಮಾತು ಕೊಡುತ್ತೇನೆ. ಎರಡು ಮೂರು ವಾರ ಸರಿ, ಆಮೇಲೆ ಮತ್ತೆ ಅದೇ. ನನಗೆ ನಿಜವಾಗಿ ರಕ್ಷಣೆ ಆಗಿದೆಯೇ?

ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳೋಣ, ಏಕೆಂದರೆ ಅದು ಇತ್ಯರ್ಥವಾಗದೆ ಉಳಿದದ್ದೇನೂ ಕೈಗೂಡದು. ಬೇಡವೆಂದದ್ದನ್ನೇ ಮಾಡುತ್ತೇನೆ ಎಂಬ ಪೌಲನ ನರಳಾಟ ರೋಮಾಪುರದವರಿಗೆ ಬರೆದ ಪತ್ರದ 7ನೇ ಅಧ್ಯಾಯದಲ್ಲಿದೆ. ಅದರ ಬೆನ್ನಿಗೇ, 8:1ರಲ್ಲಿ, ಕ್ರಿಸ್ತನಲ್ಲಿರುವವರಿಗೆ ಅಪರಾಧನಿರ್ಣಯವಿಲ್ಲ ಎಂಬ ಮಾತು ಬರುತ್ತದೆ. ಪಾಪವನ್ನು ಗೆದ್ದ ಮೇಲೆ ದೇವರು ನಿಮ್ಮನ್ನು ಮಗನೆಂದು ಒಪ್ಪಿಕೊಳ್ಳುವುದಿಲ್ಲ. ಒಪ್ಪಿಕೊಂಡಿರುವುದರಿಂದಲೇ ನಿಮಗೆ ಹೋರಾಡುವ ಶಕ್ತಿ ಬರುತ್ತದೆ. ಈ ಪಾಪ ನಿಮ್ಮನ್ನು ಇಷ್ಟು ನೋಯಿಸುತ್ತಿರುವುದು ಆತ್ಮನು ನಿಮ್ಮಲ್ಲಿ ಕೆಲಸ ಮಾಡುತ್ತಿದ್ದಾನೆ ಎಂಬುದರ ಗುರುತು.

ಇನ್ನು ನೀವು ಕೊಟ್ಟ ಮಾತು ಯಾಕೆ ಮುರಿಯುತ್ತದೆ? ಬೀಳುವ ಕೊನೆಯ ಕ್ಷಣವನ್ನು ಮಾತ್ರ ನೀವು ತಡೆಯಲು ನೋಡುತ್ತಿದ್ದೀರಿ, ಅಲ್ಲಿಗೆ ಹೋಗುವ ದಾರಿಯೆಲ್ಲ ತೆರೆದೇ ಇದೆ. ಯಾಕೋಬನ ಪತ್ರ 1:14-15 ಈ ದಾರಿಯನ್ನು ಹಂತಹಂತವಾಗಿ ತೋರಿಸುತ್ತದೆ: ಆಶಾಪಾಶ ಎಳೆಯುತ್ತದೆ, ಬಸುರಾಗುತ್ತದೆ, ಪಾಪವನ್ನು ಹೆರುತ್ತದೆ, ಪಾಪ ಬೆಳೆದು ಮರಣವನ್ನು ಹಡೆಯುತ್ತದೆ. ಹೆರಿಗೆಯ ಹೊತ್ತಿಗೆ ಎಚ್ಚರಗೊಂಡರೆ ಏನು ಪ್ರಯೋಜನ?

ಆದ್ದರಿಂದ ಒಂದು ಹಾಳೆ ತೆಗೆದುಕೊಂಡು, ನೆನಪಿರುವ ಕೊನೆಯ ನಾಲ್ಕು ಸಲ ಬಿದ್ದದ್ದನ್ನು ಬರೆಯಿರಿ. ಪ್ರತಿಯೊಂದರ ಮುಂದೆ ನಾಲ್ಕು ವಿಷಯ ಸಾಕು: ಎಷ್ಟು ಹೊತ್ತಿಗೆ, ಎಲ್ಲಿ, ಅದಕ್ಕೆ ಮುಂಚಿನ ಎರಡು ಗಂಟೆಯಲ್ಲಿ ಏನಾಗಿತ್ತು, ನಿಮಗೆ ನೀವೇ ಯಾವ ಮಾತು ಹೇಳಿ ಅನುಮತಿ ಕೊಟ್ಟುಕೊಂಡಿರಿ. ಹೀಗೆ ಬರೆದವರಲ್ಲಿ ಹೆಚ್ಚಿನವರಿಗೆ ಒಂದೇ ಚಿತ್ರ ಕಾಣಿಸುತ್ತದೆ. ರಾತ್ರಿ ಹನ್ನೊಂದರ ಮೇಲೆ, ಬಾಗಿಲು ಮುಚ್ಚಿದ ಕೋಣೆ, ಹಾಸಿಗೆಯ ಪಕ್ಕದಲ್ಲೇ ಚಾರ್ಜರ್, ಆಫೀಸಿನಲ್ಲಿ ಆದ ಅವಮಾನ ಅಥವಾ ಬರೀ ಆಯಾಸ, 'ಇವತ್ತೊಂದು ದಿನ' ಎಂಬ ಮಾತು. ಅವಮಾನ, ಒಂಟಿತನ, ಬೇಸರಗಳಿಗೆ ನೀವು ಔಷಧವಾಗಿ ಬಳಸುತ್ತಿರುವುದೇ ಈ ಪಾಪ. ಅದು ಗೊತ್ತಾಗದೆ ಎಷ್ಟು ಅತ್ತರೂ ಬುಡ ಅಲುಗಾಡದು.

ಮುಂದಿನದು ರೋಮಾಪುರದವರಿಗೆ 13:14: ದೇಹದ ಆಶೆಗಳಿಗೆ ಅನುಕೂಲ ಮಾಡಿಕೊಡಬೇಡಿ. ಮೊಬೈಲನ್ನು ಕೋಣೆಯ ಹೊರಗೆ ಚಾರ್ಜಿಗೆ ಹಾಕಿ. ಪಿ.ಜಿ.ಯಲ್ಲಿ ಅದು ಆಗದಿದ್ದರೆ ರಾತ್ರಿ ಹತ್ತಕ್ಕೆ ನಂಬಿಕೆಯ ಗೆಳೆಯನ ಕೈಗೆ ಕೊಡಿ. ಬೆಳಗ್ಗೆ ಏಳಲು ಅಲಾರಂ ಬೇಕು ಎಂಬ ನೆಪಕ್ಕೆ ಒಂದು ಸಾದಾ ಅಲಾರಂ ಗಡಿಯಾರ ಕೊಳ್ಳಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ ಎಂಬುದಿದೆ. ಅಶ್ಲೀಲ ತಾಣಗಳನ್ನು ತಡೆಯುವ ವಿಳಾಸವನ್ನು ಅಲ್ಲಿ ಹಾಕಬಹುದು. ಕ್ಲೌಡ್‌ಫ್ಲೇರ್‌ನಂಥ ಸಂಸ್ಥೆಗಳು ಇದನ್ನು ಉಚಿತವಾಗಿ ಕೊಡುತ್ತವೆ. ಆದರೆ ಇಲ್ಲಿ ಎರಡು ಕಡೆ ಎಡವಟ್ಟಾಗುತ್ತದೆ. ನೀವೇ ಹಾಕಿದ್ದನ್ನು ನೀವೇ ತೆಗೆಯಬಲ್ಲಿರಿ, ಹಾಗಾಗಿ ಆ್ಯಪ್‌ಗಳ ಮೇಲಿನ ಲಾಕಿನ ಪಾಸ್‌ಕೋಡನ್ನು ಬೇರೆಯವರು ಇಟ್ಟುಕೊಳ್ಳಬೇಕು. ಎರಡನೆಯದಾಗಿ, ಈ ತಡೆ ತಾಣಗಳನ್ನು ತಡೆಯುತ್ತದೆಯೇ ಹೊರತು ರೀಲ್ಸ್ ಒಳಗೆ ಬರುವುದನ್ನು ತಡೆಯದು. ಬಹುಪಾಲು ಬೀಳುವಿಕೆ ಶುರುವಾಗುವುದು ರೀಲ್ಸ್‌ನಿಂದ. ಆ ಆ್ಯಪ್ ಫೋನಿನಿಂದ ಹೋಗಲೇಬೇಕು. ಕಣ್ಣು ಕಿತ್ತು ಬಿಸಾಡು ಎಂದ ಕರ್ತನ ಮಾತಿನ (ಮತ್ತಾಯ 5:29) ಮುಂದೆ ಇದು ದೊಡ್ಡ ಬೆಲೆಯೇನಲ್ಲ.

ಆಶೆ ಎದ್ದಾಗ ಅದು ಏರುತ್ತಲೇ ಹೋಗುತ್ತದೆ ಎಂದು ಅನಿಸುತ್ತದೆ. ನಿಜಕ್ಕೂ ಅದಕ್ಕೆ ಏನೂ ಉಣಿಸದಿದ್ದರೆ ಹೆಚ್ಚಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಅರ್ಧ ಗಂಟೆ ಹಾಸಿಗೆಯಲ್ಲಿ ಮಲಗಿ ಹೋರಾಡಬೇಡಿ. ಎದ್ದು ಹೊರಗೆ ಬನ್ನಿ, ಮುಖ ತೊಳೆಯಿರಿ, ಬಾಯಿಪಾಠ ಮಾಡಿದ ಒಂದು ಕೀರ್ತನೆಯನ್ನು ಗಟ್ಟಿಯಾಗಿ ಹೇಳಿ, ಒಬ್ಬರಿಗೆ ಫೋನ್ ಮಾಡಿ. ಯಾರಿಗೆ ಎಂಬುದನ್ನು ಮುಂದಿನ ಉತ್ತರದಲ್ಲಿ ನೋಡಿ.

ಬಿದ್ದ ಮೇಲಿನ ಒಂದು ಗಂಟೆ ಬೀಳುವ ಮುಂಚಿನ ಗಂಟೆಯಷ್ಟೇ ಮುಖ್ಯ. 'ಹೇಗೂ ಬಿದ್ದಾಯಿತು' ಎಂದು ಮತ್ತೆ ಮೂರು ದಿನ ಅದರಲ್ಲೇ ಮುಳುಗುವುದು, ಸತ್ಯವೇದ ಮುಟ್ಟಲು ಯೋಗ್ಯತೆಯಿಲ್ಲ ಎಂದು ವಾರಗಟ್ಟಲೆ ದೂರ ನಿಲ್ಲುವುದು, ಎರಡೂ ಒಂದೇ ಬಲೆ. ದೂರ ನಿಂತು ನಿಮಗೆ ನೀವೇ ಶಿಕ್ಷೆ ಕೊಟ್ಟುಕೊಂಡರೆ ಕ್ರಿಸ್ತನು ಸಲ್ಲಿಸಿದ್ದನ್ನು ನೀವು ಎರಡನೇ ಸಲ ಸಲ್ಲಿಸಲು ಹೊರಟಂತೆ. ಅದೇ ಗಂಟೆಯಲ್ಲಿ ಮೊಣಕಾಲೂರಿ. 1 ಯೋಹಾನ 1:9 ಅದೇ ಗಂಟೆಗೆ ಬರೆದ ಮಾತು. ಹಾಳೆಗೆ ಐದನೇ ಸಾಲು ಸೇರಿಸಿ. ಮರುದಿನ ನಿಮ್ಮ ಗೆಳೆಯನಿಗೆ ಹೇಳಿ.

ಖಾಲಿಯಾಗಿ ಗುಡಿಸಿಟ್ಟ ಮನೆಗೆ ಹೋದ ದೆವ್ವ ಏಳನ್ನು ಕರಕೊಂಡು ಬಂದದ್ದನ್ನು ಮರೆಯಬೇಡಿ (ಮತ್ತಾಯ 12:43-45). ರಾತ್ರಿ ಒಂಬತ್ತರಿಂದ ಹನ್ನೊಂದು ಈಗ ನಿಮ್ಮ ಖಾಲಿ ಮನೆ. ವಾರಕ್ಕೆ ಎರಡು ಸಂಜೆಯಾದರೂ ಜನರ ನಡುವೆ ಕಳೆಯಿರಿ: ಗಾಯನ ತಂಡದ ಅಭ್ಯಾಸ, ಮನೆಕೂಟ, ಬಡಮಕ್ಕಳಿಗೆ ಪಾಠ. ಒಂಟಿತನವೇ ಕಾರಣವಾದವರಿಗೆ ಒಂಟಿಯಾಗಿ ಮಾಡುವ ಪ್ರಾರ್ಥನೆಯೊಂದೇ ಸಾಕಾಗುವುದು ಅಪರೂಪ.

ನಾವು ಪ್ರೊಟೆಸ್ಟೆಂಟರು. ಪಾಪವನ್ನು ದೇವರಿಗೆ ಮಾತ್ರ ಅರಿಕೆ ಮಾಡಿದರೆ ಸಾಲದೇ? ಮನುಷ್ಯರ ಮುಂದೆ ಯಾಕೆ ಹೇಳಬೇಕು?

ಕ್ಷಮೆಗೆ ದೇವರ ಮುಂದಿನ ಅರಿಕೆ ಸಾಕು. ಆದರೆ ಒಬ್ಬರಿಗೊಬ್ಬರು ಅರಿಕೆಮಾಡಿ, ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿ, ಸ್ವಸ್ಥರಾಗುವಿರಿ ಎಂದು ಯಾಕೋಬನು 5:16ರಲ್ಲಿ ಹೇಳಿದ್ದು ಸ್ವಸ್ಥತೆಯ ಬಗ್ಗೆ. ಗುಟ್ಟಾಗಿ ಮಾಡಿದ ಪಾಪವನ್ನು ಗುಟ್ಟಾಗಿಯೇ ಅರಿಕೆ ಮಾಡಿ, ಗುಟ್ಟಾಗಿಯೇ ಮತ್ತೆ ಮಾಡುವುದು ಸುಲಭ. ನಮ್ಮ ಅನುಭವಿ ಸಭಾಪಾಲಕರೆಲ್ಲ ಒಪ್ಪುವ ಮಾತಿದು: ವರ್ಷಗಟ್ಟಲೆ ಬಿಡದ ಪಾಪ ಕದಲುವುದು ಹೆಚ್ಚಾಗಿ ಇನ್ನೊಬ್ಬ ಮನುಷ್ಯನ ಕಿವಿಗೆ ಬಿದ್ದ ದಿನದಿಂದ.

ಇದು ರೋಮನ್ ಕಥೋಲಿಕರ ಪದ್ಧತಿ ಮಾತ್ರ ಎಂಬುದೂ ಸರಿಯಲ್ಲ. ಪ್ರೊಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಲೂಥರನ ಚಿಕ್ಕ ಪ್ರಶ್ನೋತ್ತರಿಯಲ್ಲಿ ಪಾಪದ ಅರಿಕೆಗೆ ಒಂದು ಭಾಗವೇ ಇದೆ. ಮೆಥೋಡಿಸ್ಟ್ ಸಭೆಗಳ ಮೂಲಪುರುಷ ಜಾನ್ ವೆಸ್ಲಿ 1738ರ ಡಿಸೆಂಬರಿನಲ್ಲಿ ಸಣ್ಣ ಗುಂಪುಗಳಿಗೆ ನಿಯಮ ಬರೆದರು. ವಾರಕ್ಕೊಮ್ಮೆ ಸೇರಬೇಕು, ಗಂಡಸರು ಬೇರೆ, ಹೆಂಗಸರು ಬೇರೆ. ಪ್ರತಿ ಸಲ ಕೇಳುವ ಪ್ರಶ್ನೆಗಳಲ್ಲಿ ಇವು ಮುಖ್ಯ: ಕಳೆದ ಸಲ ಸೇರಿದ ಮೇಲೆ ತಿಳಿದೂ ಮಾಡಿದ ಪಾಪ ಯಾವುದು, ಎದುರಾದ ಶೋಧನೆ ಯಾವುದು, ಅದರಿಂದ ಹೇಗೆ ಬಿಡುಗಡೆಯಾಯಿತು. 19ನೇ ಶತಮಾನದಲ್ಲಿ ಬೆಂಗಳೂರು, ಮೈಸೂರು, ಗುಬ್ಬಿ ಕಡೆಗಳಲ್ಲಿ ಸಭೆ ಕಟ್ಟಿದವರು ಇದೇ ವೆಸ್ಲಿಯವರ ಪರಂಪರೆಯವರು. ಆ ಮೂರು ಪ್ರಶ್ನೆಗಳನ್ನು ಇವತ್ತು ಎಷ್ಟು ಸಭೆಗಳಲ್ಲಿ ಕೇಳುತ್ತಾರೆ?

ಯಾರನ್ನು ಆರಿಸಬೇಕು: ನಿಮ್ಮದೇ ಲಿಂಗದವರು, ನಂಬಿಕೆಯಲ್ಲಿ ನಿಮಗಿಂತ ಹಿರಿಯರು, ಮತ್ತೊಬ್ಬರ ಗುಟ್ಟನ್ನು ನಿಮ್ಮ ಮುಂದೆ ಎಂದೂ ಆಡದವರು. ಪ್ರಾರ್ಥನಾ ವಿನಂತಿ ಎಂಬ ಹೆಸರಿನಲ್ಲಿ ವಾಟ್ಸ್ಆ್ಯಪ್ ಗುಂಪಿಗೆ ಹಾಕುವವರು ಬೇಡವೇ ಬೇಡ. ದಿನ, ಹೊತ್ತು ನಿಗದಿಯಾಗಿರಲಿ. ಇಪ್ಪತ್ತು ನಿಮಿಷ ಸಾಕು. ಪಾಪಕ್ಕೆ ಅದರ ಹೆಸರಿಟ್ಟೇ ಹೇಳಿ, 'ಸ್ವಲ್ಪ ಬಲಹೀನತೆ' ಎಂದು ತೇಲಿಸಬೇಡಿ. ಹಾಗೆಂದು ಕೇಳುವವರ ಮನಸ್ಸು ಕದಡುವಷ್ಟು ವಿವರವೂ ಬೇಡ.

ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದಾಗ ಸ್ವಲ್ಪ ಸ್ವಲ್ಪವಾಗಿ ಸುಮಾರು 40,000 ರೂಪಾಯಿ ತೆಗೆದಿದ್ದೇನೆ. ದೇವರಲ್ಲಿ ಕ್ಷಮೆ ಕೇಳಿದ್ದೇನೆ, ಆದರೂ ಸಮಾಧಾನವಿಲ್ಲ. ಆ ಹಣವನ್ನು ಸಭೆಯ ಕಾಣಿಕೆಗೆ ಹಾಕಿಬಿಡಲೇ?

ಹಾಕಬೇಡಿ. ಅದು ಅಂಗಡಿಯವರ ಹಣ, ಅವರಿಗೇ ಸೇರಬೇಕು.

ಅರಣ್ಯಕಾಂಡ 5:6-7ರ ನಿಯಮ ಸ್ಪಷ್ಟವಾಗಿದೆ: ಪಾಪವನ್ನು ಒಪ್ಪಿಕೊಳ್ಳಬೇಕು, ಅಸಲನ್ನು ಪೂರ್ತಿ ಹಿಂದಿರುಗಿಸಬೇಕು, ಐದರಲ್ಲೊಂದು ಪಾಲನ್ನು ಕೂಡಿಸಿ ಕೊಡಬೇಕು. ನಿಮ್ಮ ಲೆಕ್ಕದಲ್ಲಿ 40,000ಕ್ಕೆ 8,000 ಸೇರಿ 48,000. ಸುಂಕ ವಸೂಲಿಗಾರ ಜಕ್ಕಾಯನು ನಾಲ್ಕರಷ್ಟು ಕೊಡುತ್ತೇನೆಂದ (ಲೂಕ 19:8), ಆದರೆ ಅದನ್ನು ಯಾರೂ ಅವನ ಮೇಲೆ ಹೇರಲಿಲ್ಲ. ಯೇಸು ಮನೆಗೆ ಬಂದ ಸಂತೋಷದಲ್ಲಿ ಅವನಾಗಿಯೇ ಎದ್ದು ನಿಂತು ಹೇಳಿದ ಮಾತದು. ನಾವು ಮೋಶೆಯ ಧರ್ಮಶಾಸ್ತ್ರದ ಕೈಕೆಳಗಿಲ್ಲ; ಆದರೂ ಹಿಂದಿರುಗಿಸುವಾಗ ಎಷ್ಟು ಎಂಬುದಕ್ಕೆ ಐದರಲ್ಲೊಂದು ಒಳ್ಳೆಯ ಅಳತೆ.

ಮೊದಲು ಕೂತು ಲೆಕ್ಕ ಹಾಕಿ. ನಿಖರವಾಗಿ ನೆನಪಿಲ್ಲದ ಕಡೆ ಹೆಚ್ಚಿನ ಅಂದಾಜನ್ನೇ ಬರೆಯಿರಿ. ಅಂಗಡಿಗೆ ಹೋಗುವ ಮುಂಚೆ ಸಭಾಪಾಲಕರಿಗೂ ಮನೆಯವರಿಗೂ ತಿಳಿಸಿ, ಏಕೆಂದರೆ ಪರಿಣಾಮ ಅವರನ್ನೂ ತಟ್ಟುತ್ತದೆ. ಒಬ್ಬ ವಕೀಲರನ್ನು ಕೇಳುವುದು ತಪ್ಪಲ್ಲ: ಸತ್ಯವನ್ನು ಹೇಳಬೇಕೋ ಬೇಡವೋ ಎಂದಲ್ಲ, ಹೇಳಿದ ಮೇಲೆ ಏನೇನಾಗಬಹುದು ಎಂದು. ಆಮೇಲೆ ಯಜಮಾನರು ಒಬ್ಬರೇ ಇರುವ ಹೊತ್ತು ನೋಡಿ, ಸಾಧ್ಯವಾದರೆ ಹಿರಿಯರೊಬ್ಬರ ಜೊತೆ ಹೋಗಿ. ಪೂರ್ತಿ ಹಣ ಇಲ್ಲದಿದ್ದರೆ ಇರುವಷ್ಟನ್ನು ಅಂದೇ ಕೊಟ್ಟು, ಉಳಿದದ್ದಕ್ಕೆ ತಿಂಗಳ ಕಂತನ್ನು ಬರೆದುಕೊಡಿ.

ಹೇಳುವಾಗ ಮನೆ ಪರಿಸ್ಥಿತಿ, ಕಡಿಮೆ ಸಂಬಳ ಇವ್ಯಾವುದೂ ಬಾಯಿಗೆ ಬರದಿರಲಿ. ಅವು ನಿಜವೇ ಇರಬಹುದು, ಆದರೆ ಅರಿಕೆಯ ನಡುವೆ ಬಂದರೆ ತಪ್ಪನ್ನು ಅವರ ತಲೆಗೇ ಕಟ್ಟಿದಂತೆ ಕೇಳಿಸುತ್ತದೆ. 'ದೇವರು ನನ್ನನ್ನು ಕ್ಷಮಿಸಿದ್ದಾನೆ, ನೀವೂ ಕ್ಷಮಿಸಲೇಬೇಕು' ಎನ್ನಬೇಡಿ. ಕ್ಷಮಿಸುವುದು ಅವರ ಪಾಲಿನದು. ಅವರು ಸಿಟ್ಟಾಗಬಹುದು, ಪೊಲೀಸರ ಹತ್ತಿರ ಹೋಗಬಹುದು, ಊರೆಲ್ಲ ಹೇಳಬಹುದು. ಆ ಭಯ ನಿಜ, ಅದನ್ನು ಹಗುರ ಮಾಡಿ ಹೇಳಲು ನಮಗೆ ಮನಸ್ಸಿಲ್ಲ. ಯಜಮಾನರು ತೀರಿಹೋಗಿದ್ದರೆ ಹಣ ಅವರ ವಾರಸುದಾರರಿಗೆ ಸೇರುತ್ತದೆ. ವಾರಸುದಾರರೇ ಇಲ್ಲದಿದ್ದರೆ ಮಾತ್ರ ಅದೇ ಅಧ್ಯಾಯದ 8ನೇ ವಚನದಂತೆ ದೇವರ ಕೆಲಸಕ್ಕೆ ಕೊಡಬಹುದು.

ಕೊಟ್ಟು ಮುಗಿದ ಮೇಲೂ ಒಂದು ಹೆಜ್ಜೆ ಇದೆ. ಕದಿಯುವವನು ಕದಿಯುವುದನ್ನು ಬಿಟ್ಟು, ದುಡಿದು, ಕೊರತೆಯಲ್ಲಿರುವವರಿಗೆ ಕೊಡಲಿ ಎನ್ನುತ್ತದೆ ಎಫೆಸದವರಿಗೆ 4:28. ಪ್ರತಿ ತಿಂಗಳು ಒಂದು ಮೊತ್ತ, ಸಣ್ಣದಾದರೂ ಸರಿ, ನಿಮಗಿಂತ ಬಡವರಿಗೆ ಹೋಗಲಿ. ಕೈ ಹೊಸ ಅಭ್ಯಾಸ ಕಲಿಯುವುದು ಹಾಗೆ.

ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದಾರೆ. ದಿನಾ ಬೆಳಗ್ಗೆ ಅವರ ಮೇಲೆ ಕಿರುಚಾಡುತ್ತೇನೆ, ಒಮ್ಮೊಮ್ಮೆ ಕೈಯೂ ಎತ್ತುತ್ತೇನೆ. ರಾತ್ರಿ ಮಲಗಿದ ಮಕ್ಕಳನ್ನು ನೋಡಿ ಅಳುತ್ತೇನೆ.

ಸಹೋದರಿ, 'ಕರ್ತನೇ, ನನಗೆ ತಾಳ್ಮೆ ಕೊಡು' ಎಂಬ ಪ್ರಾರ್ಥನೆಯ ಜೊತೆಗೆ ಹೊತ್ತನ್ನೂ ಹೆಸರಿಸಿ: 'ಏಳರಿಂದ ಎಂಟೂವರೆಯವರೆಗೆ'. ನಿಮ್ಮ ಕೋಪ ಬರುವುದಕ್ಕೆ ಗೊತ್ತಾದ ಒಂದು ಹೊತ್ತಿದೆ, ಅದು ನಿಮಗೆ ಅನುಕೂಲವೇ.

16ನೇ ಶತಮಾನದಲ್ಲಿ ಲೊಯೊಲಾದ ಇಗ್ನಾಸಿಯವರು ಒಂದು ಅಭ್ಯಾಸ ಕಲಿಸಿದರು, ಕಥೋಲಿಕರು ಇಂದಿಗೂ ಬಳಸುತ್ತಾರೆ, ಯಾರು ಬೇಕಾದರೂ ಬಳಸಬಹುದು. ಒಂದೇ ಒಂದು ತಪ್ಪನ್ನು ಆರಿಸಿಕೊಳ್ಳುವುದು. ಬೆಳಗ್ಗೆ ಎದ್ದಕೂಡಲೇ ಅದರ ವಿಷಯ ಎಚ್ಚರ ತಂದುಕೊಳ್ಳುವುದು. ಮಧ್ಯಾಹ್ನ ಊಟದ ಮೇಲೆ ಒಮ್ಮೆ, ರಾತ್ರಿ ಊಟದ ಮೇಲೆ ಒಮ್ಮೆ, ಎಷ್ಟು ಸಲ ಬಿದ್ದೆ ಎಂದು ಗೆರೆಯ ಮೇಲೆ ಚುಕ್ಕೆ ಇಡುವುದು. ಇಂದನ್ನು ನಿನ್ನೆಗೆ, ಈ ವಾರವನ್ನು ಕಳೆದ ವಾರಕ್ಕೆ ಹೋಲಿಸುವುದು. ಒಂದೇ ತಪ್ಪು ಎಂಬಲ್ಲೇ ಇದರ ಗುಟ್ಟಿದೆ. ಹತ್ತನ್ನು ಒಟ್ಟಿಗೆ ತಿದ್ದಲು ಹೊರಟವರು ಹತ್ತು ದಿನವೂ ನಿಲ್ಲುವುದಿಲ್ಲ.

ಬುತ್ತಿಯ ತರಕಾರಿ, ಯೂನಿಫಾರಂ, ಶಾಲೆಯ ಡೈರಿಯ ಸಹಿ ಹಿಂದಿನ ರಾತ್ರಿಯೇ ಮುಗಿದರೆ ಬೆಳಗಿನ ಅರ್ಧ ಜಗಳ ಇಲ್ಲವಾಗುತ್ತದೆ. ಮಕ್ಕಳಿಗಿಂತ ಇಪ್ಪತ್ತು ನಿಮಿಷ ಮುಂಚೆ ನೀವೂ ಒಂದು ಲೋಟ ಕಾಫಿ ಕುಡಿದು ಕೂತಿರಿ. ಹಸಿವು, ನಿದ್ದೆಗೇಡು ಪಾಪವಲ್ಲ, ಆದರೆ ಪಾಪಕ್ಕೆ ಬಾಗಿಲು ತೆರೆಯುವುದು ಹೆಚ್ಚಾಗಿ ಅವೇ. ಗಂಡನ ಕೈ ಆ ಹೊತ್ತಿನ ಕೆಲಸಕ್ಕೆ ಬೀಳುತ್ತಿಲ್ಲವಾದರೆ ಅದನ್ನೂ ಕೂತು ಮಾತಾಡಿ. ಎಲ್ಲವನ್ನೂ ನಿಮ್ಮ ತಾಳ್ಮೆಯ ಕೊರತೆ ಎಂದು ಹೊತ್ತುಕೊಳ್ಳಬೇಡಿ.

ಕಿರುಚಿದ ದಿನ ಮಲಗಿದ ಮಕ್ಕಳ ಮುಂದೆ ಅತ್ತರೆ ಅವರಿಗೆ ಗೊತ್ತಾಗುವುದಿಲ್ಲ. ಎಚ್ಚರವಿದ್ದಾಗ, ಅವರ ಎತ್ತರಕ್ಕೆ ಕೂತು ಹೇಳಿ: 'ಬೆಳಗ್ಗೆ ಅಮ್ಮ ಕಿರುಚಿದ್ದು ತಪ್ಪು. ಕ್ಷಮಿಸು.' ಅಲ್ಲಿಗೆ ನಿಲ್ಲಿಸಿ. 'ಆದರೆ ನೀನು ಬೇಗ ಏಳಬೇಕಿತ್ತು' ಎಂದು ಸೇರಿಸಿದರೆ ಕೇಳಿದ ಕ್ಷಮೆ ಅಳಿಸಿಹೋಗುತ್ತದೆ.

ನನ್ನ ಗಂಡ ಬೆಳಗ್ಗೆಯೇ ಕುಡಿಯುತ್ತಾರೆ, ಕುಡಿಯದಿದ್ದರೆ ಕೈ ನಡುಗುತ್ತದೆ. ಉಪವಾಸ ಪ್ರಾರ್ಥನೆಗೆ ಅವರನ್ನು ಕರೆದುಕೊಂಡು ಹೋಗಿ ಅಂದೇ ಬಿಡಿಸೋಣ ಎಂದು ಕೆಲವರು ಹೇಳುತ್ತಾರೆ. ಆಸ್ಪತ್ರೆಗೆ ಹೋದರೆ ಅವಿಶ್ವಾಸವೇ?

ಅವಿಶ್ವಾಸವಲ್ಲ. ದಯವಿಟ್ಟು ಮೊದಲು ಆಸ್ಪತ್ರೆಗೆ ಹೋಗಿ. ಬೆಳಗ್ಗೆ ಕೈ ನಡುಗುವಷ್ಟು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಕೊನೆಯ ಗುಟುಕಾದ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಇಲ್ಲದ್ದು ಕಾಣುವುದು, ಜ್ವರ, ತೀವ್ರ ಗೊಂದಲ ಶುರುವಾಗಬಹುದು. ಇದನ್ನು ದೆವ್ವ ಹಿಡಿದದ್ದೆಂದು ತಿಳಿದು ಕಟ್ಟಿಹಾಕಿ ಪ್ರಾರ್ಥಿಸುವುದು, ಅದರ ಮೇಲೆ ಅನ್ನ ನೀರು ಬಿಡಿಸುವುದು, ಎರಡೂ ಘೋರ ತಪ್ಪು. ವೈದ್ಯರು ಮಾತ್ರೆ ಮತ್ತು ಥಯಾಮಿನ್ ಎಂಬ ವಿಟಮಿನ್ ಕೊಟ್ಟು ಆ ದಿನಗಳನ್ನು ದಾಟಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವಿದೆ. ನಿಮ್ಮ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು. ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416.

ದೇಹ ತಿಳಿಯಾದ ಮೇಲೆ ಸಭೆಯ ಕೆಲಸ ಶುರು: ಹಳೆಯ ಗೆಳೆಯರ ಜಾಗಕ್ಕೆ ಹೊಸ ಗೆಳೆಯರು, ಸಂಬಳದ ದಿನ ಜೊತೆಗೊಬ್ಬರು, ಮತ್ತೆ ಕುಡಿದರೂ ಬಾಗಿಲು ಮುಚ್ಚದ ಮನೆಕೂಟ. ಪೌಲನ ಪಕ್ಕದಲ್ಲಿ ವೈದ್ಯನಾದ ಲೂಕನಿದ್ದ (ಕೊಲೊಸ್ಸೆಯವರಿಗೆ 4:14). ಒಂದು ಮಾತು: ಕುಡಿದು ನಿಮ್ಮ ಮೇಲೆ ಕೈ ಮಾಡುತ್ತಿದ್ದರೆ, ಅವರು ಬದಲಾಗುವವರೆಗೆ ಅದೇ ಮನೆಯಲ್ಲಿ ಪೆಟ್ಟು ತಿನ್ನುವುದು ನಿಮ್ಮ ಶಿಲುಬೆಯಲ್ಲ. ಸುರಕ್ಷಿತ ಜಾಗಕ್ಕೆ ಹೋಗಿ.

ಪ್ರಾರ್ಥಿಸುವಾಗಲೇ ಪವಿತ್ರಾತ್ಮನ ವಿರುದ್ಧ ಕೆಟ್ಟ ಮಾತು ತಲೆಯಲ್ಲಿ ಬರುತ್ತದೆ. ಕ್ಷಮಿಸು ಎಂದು ಹತ್ತಾರು ಸಲ ಹೇಳಿದರೂ ಸರಿಯಾಗಿ ಹೇಳಿದೆನೋ ಇಲ್ಲವೋ ಎಂಬ ಸಂಶಯ. ಕ್ಷಮೆಯಿಲ್ಲದ ಪಾಪ ಮಾಡಿದ್ದೇನೆಯೇ? (ಪಿ.ಯು. ವಿದ್ಯಾರ್ಥಿನಿ)

ಇಲ್ಲಮ್ಮ. ಮಾರ್ಕ 3:22-30 ಓದು. ಯೇಸು ದೆವ್ವ ಬಿಡಿಸಿದ್ದನ್ನು ಕಣ್ಣಾರೆ ಕಂಡೂ, ಅದು ಸೈತಾನನ ಕೆಲಸ ಎಂದು ಹಟದಿಂದ ಸಾರಿದವರಿಗೆ ಹೇಳಿದ ಮಾತದು. ಬೇಡವೆಂದರೂ ನುಗ್ಗಿ, ನಿನ್ನನ್ನು ಹೆದರಿಸಿ ಅಳಿಸುವ ಯೋಚನೆ ನೀನು ಒಪ್ಪಿ ಮಾಡಿದ ಪಾಪವಲ್ಲ.

ನೀನು ಬರೆದ ಲಕ್ಷಣಗಳು ಬೇಡದ ಯೋಚನೆ ಮತ್ತೆ ಮತ್ತೆ ನುಗ್ಗಿ ಕಾಡುವ ಒಸಿಡಿ ಎಂಬ ಕಾಯಿಲೆಯ ಒಂದು ರೂಪಕ್ಕೆ ಹತ್ತಿರವಾಗಿವೆ, ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಮೇಲೆ ಹೇಳಿದ ಇಗ್ನಾಸಿಯವರೇ 1522ರಲ್ಲಿ ಮೂರು ದಿನ ತೆಗೆದುಕೊಂಡು ತಮ್ಮ ಪಾಪಗಳನ್ನೆಲ್ಲ ಬರೆದು ನಿವೇದಿಸಿದರು. ಆಮೇಲೂ ಏನೋ ಬಿಟ್ಟುಹೋಯಿತೆಂಬ ಸಂಶಯ ಅವರನ್ನು ತಿಂಗಳುಗಟ್ಟಲೆ ಕಾಡಿತು. ಲೂಥರನ ಯೌವನವೂ ಇದೇ ಯಾತನೆಯಲ್ಲಿ ಕಳೆಯಿತು.

ಈ ಪುಟದ ಉಳಿದ ಉತ್ತರಗಳಲ್ಲಿರುವ ಹಾಳೆ, ಚುಕ್ಕೆ, ಲೆಕ್ಕ ಯಾವುದನ್ನೂ ನೀನು ಮಾಡಬೇಡ. ಅವರಿಗೆ ಮದ್ದಾದದ್ದು ನಿನ್ನ ನೋವನ್ನು ಹೆಚ್ಚಿಸುತ್ತದೆ. ಮತ್ತೆ ಮತ್ತೆ ಕ್ಷಮೆ ಕೇಳಿದಾಗ ಎರಡು ನಿಮಿಷ ಹಗುರವಾಗುತ್ತದೆ, ಆ ಹಗುರವೇ ಮುಂದಿನ ಸಂಶಯವನ್ನು ಕರೆಯುತ್ತದೆ. ಯೋಚನೆ ಬಂದಾಗ ಅದನ್ನು ಓಡಿಸಲೂ ಹೋಗದೆ, ಕ್ಷಮೆ ಕೇಳಲೂ ನಿಲ್ಲದೆ, ಪ್ರಾರ್ಥನೆಯ ಮುಂದಿನ ವಾಕ್ಯಕ್ಕೆ ಹೋಗು. ಅಪ್ಪ ಅಮ್ಮನಿಗೆ ಹೇಳಿ ಮನೋವೈದ್ಯರನ್ನು ಕಾಣು. ನಿನ್ನ ಸಭಾಪಾಲಕರಿಗೆ ಈ ಪುಟ ತೋರಿಸು. 'ಕ್ಷಮೆ ಆಗಿದೆಯೇ' ಎಂದು ನೀನು ದಿನಾ ಕೇಳಿದರೆ ದಿನಾ ಉತ್ತರಿಸಬಾರದು ಎಂದು ಅವರಿಗೆ ಗೊತ್ತಿರಬೇಕು.

ವಿಶ್ವಾಸಕ್ಕೆ ಬಂದು ಮೂವತ್ತು ವರ್ಷ ದಾಟಿತು. ದೊಡ್ಡ ಪಾಪಗಳೆಲ್ಲ ಹೋದವು, ಆದರೆ ಓರಗಿತ್ತಿಯ ಮೇಲಿನ ಹೊಟ್ಟೆಕಿಚ್ಚು ಹೋಗಲಿಲ್ಲ. ಪೂರ್ತಿ ಬದಲಾವಣೆ ಯಾವಾಗ?

ಆದಿ ಸಭೆಯ ದೊಡ್ಡ ಬೋಧಕ ಅಗಸ್ಟೀನರು ಇಟಲಿಯ ಮಿಲಾನಿನ ತೋಟದಲ್ಲಿ ರೋಮಾಪುರದವರಿಗೆ 13:13-14 ಓದಿ ಬದಲಾದದ್ದು 386ರಲ್ಲಿ. ಮರುವರ್ಷ ಈಸ್ಟರಿಗೆ ಅಲ್ಲಿನ ಬಿಷಪ್ ಅಂಬ್ರೋಸರಿಂದ ದೀಕ್ಷಾಸ್ನಾನ. ಹತ್ತು ವರ್ಷಕ್ಕೂ ಮೇಲೆ, ಬಿಷಪ್ಪರಾಗಿ ತಮ್ಮ ಒಳಗನ್ನು ಬಿಚ್ಚಿ ಬರೆದಾಗ, ಕೆಟ್ಟ ಕನಸು, ಊಟದ ಆಸೆ, ಹೊಗಳಿಕೆಯ ಆಸೆ ಇನ್ನೂ ಕಾಡುತ್ತಿವೆ ಎಂದು ಒಪ್ಪಿಕೊಂಡರು. ಪೂರ್ತಿ ಬದಲಾವಣೆ ಕರ್ತನನ್ನು ಕಾಣುವ ದಿನವೇ (1 ಯೋಹಾನ 3:2). ಅಲ್ಲಿಯವರೆಗೆ ನೋಡಬೇಕಾದ ಗುರುತುಗಳು ಬೇರೆ: ಬಿದ್ದದ್ದು ಬೇಗ ಗೊತ್ತಾಗುತ್ತಿದೆಯೇ, ಬೇಗ ಒಪ್ಪಿಕೊಳ್ಳುತ್ತೀರಾ, ನೆಪ ಕಡಿಮೆಯಾಗಿದೆಯೇ, ನೊಂದವರ ಬಗ್ಗೆ ದುಃಖ ಹೆಚ್ಚಾಗಿದೆಯೇ.

ಹೊಟ್ಟೆಕಿಚ್ಚಿಗೆ ಮನಸ್ಸಿನೊಳಗೇ ಯುದ್ಧ ಮಾಡಿದರೆ ಅದು ಇನ್ನಷ್ಟು ಉರಿಯುತ್ತದೆ, ಏಕೆಂದರೆ ಆ ಯುದ್ಧದಲ್ಲೂ ಅವರದೇ ಯೋಚನೆ. ಕೈಕಾಲಿಗೆ ಕೆಲಸ ಕೊಡಿ. ದಿನಕ್ಕೊಮ್ಮೆ ಓರಗಿತ್ತಿಯ ಹೆಸರು ಹಿಡಿದು, ಅವರಲ್ಲಿರುವ ಯಾವುದನ್ನು ನೋಡಿ ಉರಿಯುತ್ತೀರೋ ಅದನ್ನೇ ದೇವರು ಹೆಚ್ಚಿಸಲಿ ಎಂದು ಬೇಡಿ. ಮೊದಮೊದಲು ಬಾಯಿ ಮಾತ್ರ ಹೇಳುತ್ತದೆ, ಪರವಾಗಿಲ್ಲ, ಹೇಳಿ. ವಾರಕ್ಕೊಮ್ಮೆ ಅವರ ಬಗ್ಗೆ ನಿಜವಾದ ಒಂದು ಒಳ್ಳೆಯ ಮಾತನ್ನು ಮೂರನೆಯವರ ಮುಂದೆ ಆಡಿ. ಅವರ ಮನೆಯಲ್ಲಿ ಶುಭಕಾರ್ಯವಾದರೆ ಬಡಿಸಲು ನಿಲ್ಲಿ, ಊಟ ಮುಗಿದಕೂಡಲೇ ಹೊರಡಬೇಡಿ. ಅವರ ಹೊಸ ಮನೆಯನ್ನೋ ಮಕ್ಕಳ ಅಂಕಗಳನ್ನೋ ನಿಮ್ಮ ಮನೆಗೆ ಬಂದು ಎಣಿಸುವ ನೆಂಟರಿದ್ದರೆ, ಆ ಮಾತು ಶುರುವಾದಾಗ ಏನಾದರೂ ಕೇಳಿ ಬೇರೆಡೆಗೆ ತಿರುಗಿಸಿ.